ದತ್ತವಾದ ನಾಡು: ನಮ್ಮ ಸೀಮೆಯಲ್ಲಿ ಕಂಪನಿ ಆಳ್ವಿಕೆಯ ಮೊದಲ ದಿನಗಳು



ತಮ್ಮ ಹಿರಿಯರ ನೆನಪು ಊರಿನಲ್ಲಿ ಉಳಿಯಲೆಂದು ಒಂದು ಮನೆತನದವರು ತೆಗೆದಿರಿಸಿದ ಮೂಲಧನದಿಂದ ನಡೆಯುತ್ತ ಬಂದಿರುವ ಈ ಉಪನ್ಯಾಸಕ್ಕೆ ಕರೆ ಬಂದಾಗ, ಯಾವ ವಿಷಯವನ್ನು ಆರಿಸಿಕೊಳ್ಳಲಿ ಎಂದು ನಾನು ಬಹಳ ಹೊತ್ತು ಆಲೋಚಿಸಬೇಕಾಗಲಿಲ್ಲ. ಆಹ್ವಾನಪತ್ರಿಕೆಯ ತಲೆಯ ಮೇಲೆ ಅಚ್ಚಾಗಿದ್ದ 'ದತ್ತಿ' ಎಂಬ ಮಾತೇ ನನ್ನ ಕೈಹಿಡಿದು ವಿಷಯದ ಬಳಿಗೆ ಕರೆದೊಯ್ದಿತು. ದತ್ತಿಯೆಂದರೆ ಕೊಟ್ಟದ್ದು: ತನ್ನದಾದುದನ್ನು, ತಾನೇ ಒಲಿದು, ಪಡೆಯುವವರ ಹಿತವನ್ನು ಬಯಸಿ, ಹಿಂದಕ್ಕೆ ಕೇಳೆನೆಂಬ ಸಂಕಲ್ಪದೊಡನೆ ಧಾರೆಯೆರೆದದ್ದು. ಇದೇ ಧಾತುವಿನಿಂದ ಹುಟ್ಟಿದ ಮತ್ತೊಂದು ಹೆಸರನ್ನು ನಮ್ಮ ನೆಲ ಒಂದು ಶತಮಾನಕ್ಕೂ ಮಿಕ್ಕಿ ಹೊತ್ತುಕೊಂಡಿತ್ತು. ಬಳ್ಳಾರಿ, ಅನಂತಪುರ, ಕಡಪೆ, ಕರ್ನೂಲಿನ ಒಂದು ಭಾಗ, ಇವೆಲ್ಲ ಕೂಡಿದ ಸೀಮೆಗೆ ದತ್ತ ಮಂಡಲವೆಂದು ಹೆಸರಿತ್ತು. ಪೂರ್ವಭಾಗದ ತೆಲುಗು ಬಂಧುಗಳು 1928ರಲ್ಲಿ ನಂದ್ಯಾಲದಲ್ಲಿ ಸಭೆ ಸೇರಿ, ಈ ಹೆಸರಿನಲ್ಲಿ ಅಡಗಿದ್ದ ಅವಮಾನವನ್ನು ಕಂಡು, ಅದನ್ನು ತೊರೆದು ರಾಯಲಸೀಮೆಯೆಂದು ಕರೆದುಕೊಂಡರು. ಪಶ್ಚಿಮದಲ್ಲಿದ್ದ ನಾವು, ಎಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಕನ್ನಡಿಗರು, ಆ ಹೆಸರನ್ನು ತೊರೆಯಲೂ ಇಲ್ಲ, ನೆನಪಿನಲ್ಲಿ ಇಟ್ಟುಕೊಳ್ಳಲೂ ಇಲ್ಲ. ಮರೆತೆವು. ಆ ಮರೆವು ನನಗೆ ನೋವಿನ ಸಂಗತಿ.

ಕೊಟ್ಟವನು ಹೈದರಾಬಾದಿನ ನಿಜಾಮ್ ಅಲಿ ಖಾನನು. ಪಡೆದದ್ದು ಈಸ್ಟ್ ಇಂಡಿಯಾ ಕಂಪನಿ. ಕೊಟ್ಟ ದಿನ 1800ನೆಯ ಇಸವಿಯ ಅಕ್ಟೋಬರ್ 12. ತನ್ನ ರಕ್ಷಣೆಗೆಂದು ಕಂಪನಿಯವರು ಇರಿಸಿದ ಸಹಾಯಕ ಸೈನ್ಯದ ವೆಚ್ಚವನ್ನು ಹಣದ ರೂಪದಲ್ಲಿ ಸಲ್ಲಿಸುವ ಬದಲಾಗಿ, ಟೀಪೂವಿನೊಡನೆ ನಡೆದ ಎರಡು ಯುದ್ಧಗಳ ಕೊನೆಯಲ್ಲಿ, 1792ರಲ್ಲಿಯೂ 1799ರಲ್ಲಿಯೂ, ತನ್ನ ಪಾಲಿಗೆ ಬಂದಿದ್ದ ಪ್ರದೇಶಗಳನ್ನು ಆತನು ಶಾಶ್ವತವಾಗಿ ಬಿಟ್ಟುಕೊಟ್ಟನು. ಕೊಟ್ಟವನಿಗೆ ಆ ನೆಲದಲ್ಲಿ ಬೇರಿರಲಿಲ್ಲ; ಅವನ ಒಡೆತನಕ್ಕೆ ಕೆಲವು ಕಡೆ ಒಂದು ವರ್ಷವೂ ಸರಿಯಾಗಿ ತುಂಬಿರಲಿಲ್ಲ. ಹರಪನಹಳ್ಳಿಯ ಸಂಗತಿಯನ್ನೇ ನೋಡಿರಿ. ದಾದಯ್ಯನಾಯಕನಿಂದ ಮೊದಲಾದ ಪಾಳೆಯಗಾರ ವಂಶವೊಂದು ಅಲ್ಲಿ ತಲೆಮಾರುಗಳ ಕಾಲ ಆಳಿತು. 1786ರಲ್ಲಿ ಆದವಾನಿಯ ಮುತ್ತಿಗೆಯನ್ನು ಮುಗಿಸಿಕೊಂಡು ಹಿಂದಿರುಗುತ್ತಿದ್ದ ಟೀಪೂ ಸುಲ್ತಾನನು ರಾಯದುರ್ಗದ ನಾಯಕನನ್ನೂ ಹರಪನಹಳ್ಳಿಯ ನಾಯಕನನ್ನೂ ಸೆರೆಹಿಡಿದು ಅವರ ಸೀಮೆಗಳನ್ನು ವಶಪಡಿಸಿಕೊಂಡನು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಗೆದ್ದವರು ಮಾಡಿಕೊಂಡ ವಿಭಜನೆಯ ಪತ್ರದಲ್ಲಿ, ಸೋಂದೆ, ಆನೆಗೊಂದಿ ಮೊದಲಾದುವುಗಳೊಡನೆ, ಹರಪನಹಳ್ಳಿಯನ್ನು ಪುಣೆಯ ಪೇಶ್ವೆಗೆಂದು ತೆಗೆದಿರಿಸಲಾಯಿತು. ಪೇಶ್ವೆಯು ಅದಕ್ಕೆ ಹೊಂದಿಸಿದ್ದ ಕರಾರುಗಳನ್ನು ಒಪ್ಪಲಿಲ್ಲ. ಅವನು ಬೇಡವೆಂದುದನ್ನು ನಿಜಾಮನೂ ಕಂಪನಿಯವರೂ ಹಂಚಿಕೊಂಡರು. ಮರುವರ್ಷ ನಿಜಾಮನು ಹರಪನಹಳ್ಳಿಯನ್ನು ಕಂಪನಿಗೆ ಕೊಟ್ಟನು. ಹದಿನಾಲ್ಕು ವರ್ಷಗಳ ಅವಧಿಯಲ್ಲಿ ಒಂದು ಊರು ನಾಯಕನಿಂದ ಸುಲ್ತಾನನಿಗೆ, ಸುಲ್ತಾನನಿಂದ ಕಾಗದದ ಮೇಲೆ ಪೇಶ್ವೆಗೆ, ಅಲ್ಲಿಂದ ನಿಜಾಮನಿಗೆ, ನಿಜಾಮನಿಂದ ಸಮುದ್ರದಾಚೆಯ ಒಂದು ವ್ಯಾಪಾರಸ್ಥರ ಮಂಡಳಿಗೆ ಹೋಯಿತು. ಈ ಅವಧಿಯಲ್ಲಿ ಅಲ್ಲಿಯ ನಾಯನಕೆರೆಯ ನೀರನ್ನು ತೂಬಿನಿಂದ ಬಿಡುತ್ತಿದ್ದ ನೀರಗಂಟಿಯನ್ನಾಗಲಿ, ಆ ನೀರಿನಿಂದ ಬತ್ತ ಬೆಳೆಯುತ್ತಿದ್ದ ರೈತನನ್ನಾಗಲಿ ಯಾರೊಬ್ಬರೂ ಒಂದು ಮಾತು ಕೇಳಿದವರಲ್ಲ.

ಆಂಗ್ಲರ ನೆಲೆಗಳು ರಾಷ್ಟ್ರಗಳಾದ ಬಗೆಯನ್ನು ಕುರಿತು ಓದುವಾಗ ನಮ್ಮ ಕಣ್ಣ ಮುಂದೆ ಸಾಮಾನ್ಯವಾಗಿ ಬರುವುದು ಅಮೆರಿಕ, ಆಸ್ಟ್ರೇಲಿಯಗಳ ಚಿತ್ರ. 1788ರ ಜನವರಿ 26ರಂದು ಸಿಡ್ನಿಯ ಕೊಲ್ಲಿಯಲ್ಲಿ ಹಡಗುಗಳು ಲಂಗರು ಹಾಕಿದವು. ಕೈದಿಗಳೂ ಕಾವಲಿನವರೂ ಇಳಿದು ಗುಡಾರ ಹೂಡಿದರು. ಆ ನೆಲಕ್ಕೆ ಒಡೆಯರೇ ಇಲ್ಲವೆಂಬ ಕಲ್ಪನೆಯ ಮೇಲೆ ಊರು ಕಟ್ಟಿದರು. ನಮ್ಮಲ್ಲಿಗೆ ಅವರು ಹೀಗೆ ಬಂದವರಲ್ಲ. ನಮ್ಮ ನೆಲದಲ್ಲಿ ಅವರು ನೆಲಸಲಿಲ್ಲ, ಕಂದಾಯವನ್ನು ನೆಲೆಗೊಳಿಸಿದರು. ಆಂಗ್ಲಭಾಷೆಯಲ್ಲಿ ಈ ಎರಡಕ್ಕೂ 'ಸೆಟಲ್‌ಮೆಂಟ್' ಎಂಬ ಒಂದೇ ಶಬ್ದವಿದೆ. ಕನ್ನಡವು ಮೊದಲಿನದನ್ನು ವಸಾಹತು ಎಂದೂ ಎರಡನೆಯದನ್ನು ಬಂದೋಬಸ್ತು ಎಂದೂ ಬೇರೆಯಾಗಿಯೇ ಕರೆಯಿತು. ಅಲ್ಲಿ ನೆಲ ಬರಿದೆಂದು ಭಾವಿಸಿದರು; ಇಲ್ಲಿ ನೆಲ ತುಂಬಿದೆಯೆಂದು ತಿಳಿದು ಅಳತೆಗೆ ತೊಡಗಿದರು. ನಮ್ಮ ತಾಲ್ಲೂಕುಗಳಲ್ಲಿ ಆಧುನಿಕ ರಾಜ್ಯವೆಂಬುದು ಹುಟ್ಟಿದ್ದು ಹಡಗಿನಿಂದಲ್ಲ, ಅಳತೆಯ ಸರಪಳಿಯಿಂದ. ಇಂದು ನಾನು ಹೇಳಬೇಕಾಗಿರುವುದು ಇಷ್ಟೆ: ಕೇಳದೆ ಕೊಡಲ್ಪಟ್ಟ ಜನ ಮೊದಲು ಲೆಕ್ಕಕ್ಕೆ ಸಿಕ್ಕಿದರು, ಲೆಕ್ಕಕ್ಕೆ ಸಿಕ್ಕಿ ಒಂದೂವರೆ ಶತಮಾನವಾದ ಮೇಲೆ ಮಾತಿಗೆ ಸಿಕ್ಕಿದರು.

ಕಂಪನಿಯವರು ಬಂದಾಗ ಈ ನಾಡಿನ ಸ್ಥಿತಿ ದಾರುಣವಾಗಿತ್ತು. ಚನ್ನಗಿರಿಯಲ್ಲಿ ಹುಟ್ಟಿ, ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಂದು, ಚದರಿಹೋಗಿದ್ದ ಸೈನಿಕರನ್ನು ಕೂಡಿಸಿಕೊಂಡು, ತುಂಗಭದ್ರೆಯ ಎರಡು ದಡಗಳಲ್ಲಿಯೂ ಸಂಚರಿಸಿದ ಧೋಂಡಿಯಾ ವಾಘನನ್ನು ಆರ್ಥರ್ ವೆಲ್ಲೆಸ್ಲಿಯ ದಂಡು 1800ರ ಬೇಸಗೆಯಿಂದ ಬೆನ್ನಟ್ಟಿ, ಸೆಪ್ಟೆಂಬರ್ 10ರಂದು ಕೊನಗಲ್ಲಿನಲ್ಲಿ ಕೊಂದಿತು. ನಿಜಾಮನ ದಾನಪತ್ರಕ್ಕೂ ಈ ಸಾವಿಗೂ ನಡುವೆ ಒಂದು ತಿಂಗಳು ಎರಡು ದಿನಗಳ ಅಂತರ ಮಾತ್ರ. ಅತ್ತ ಅಟ್ಟುವವರು, ಇತ್ತ ಓಡುವವರು, ಇಬ್ಬರ ಕುದುರೆಗಳೂ ತಿಂದದ್ದು ನಮ್ಮ ಹೊಲಗಳ ಜೋಳದ ದಂಟನ್ನೇ. ದತ್ತ ಮಂಡಲದಲ್ಲಿ ಆಗ ಎಂಬತ್ತರಷ್ಟು ಪಾಳೆಯಗಾರರಿದ್ದರೆಂದೂ ಅವರ ಕೈಕೆಳಗೆ ಮೂವತ್ತು ಸಾವಿರದಷ್ಟು ಆಯುಧಪಾಣಿಗಳಿದ್ದರೆಂದೂ ಕಂಪನಿಯವರು ಅಂದಾಜು ಮಾಡಿದ್ದರು. ಗುಡೇಕೋಟೆ, ಜರಿಮಲೆ, ಹರಪನಹಳ್ಳಿ ಈ ಹೆಸರುಗಳನ್ನು ಇಂದು ನಾವು ಬಸ್ಸಿನ ಫಲಕಗಳಲ್ಲಿ ಓದುತ್ತೇವೆ. ಅಂದು ಅವು ಒಂದೊಂದೂ ಒಂದೊಂದು ರಾಜ್ಯದ ಹೆಸರು.

ಈ ನಾಡಿಗೆ ಪ್ರಧಾನ ಕಲೆಕ್ಟರನಾಗಿ ಬಂದವನು ಥಾಮಸ್ ಮನ್ರೋ. 1761ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಹುಟ್ಟಿ, ಹದಿನೆಂಟರ ಪ್ರಾಯದಲ್ಲಿ ಸೈನಿಕನಾಗಿ ಮದರಾಸಿಗೆ ಬಂದು, ಬಾರಾಮಹಲಿನಲ್ಲಿ ಕಂದಾಯದ ಕೆಲಸವನ್ನು ಕಲಿತು, ಕನ್ನಡ ಜಿಲ್ಲೆಯ ಕರಾವಳಿಯಲ್ಲಿ ಒಂದು ವರ್ಷ ಆಳಿ, ಅಲ್ಲಿಯ ಬಿಡದ ಮಳೆಗೆ ಬೇಸತ್ತು, ಒಣ ಹವೆಯ ಮೇಲುಸೀಮೆಯನ್ನು ತಾನೇ ಬಯಸಿ ಬಂದವನು ಅವನು. ಮಳೆಯಿಲ್ಲದ ನಮ್ಮ ಸೀಮೆಯನ್ನು ಒಬ್ಬನು ಬಯಸಿ ಬಂದನೆಂಬ ಮಾತು ಕೂಡ್ಲಿಗಿಯ ರೈತರಿಗೆ ಸೋಜಿಗವೆನಿಸಬಹುದು. ಏಳು ವರ್ಷ, 1807ರವರೆಗೆ, ಅವನು ಇಲ್ಲಿದ್ದನು. ಹೆಚ್ಚಿನ ಕಾಲವನ್ನು ಗುಡಾರದಲ್ಲಿಯೇ ಕಳೆದನು. ಬೆಳಗಿನ ಹೊತ್ತು ತಿರುಗಾಡಲು ಹೊರಟರೆ ಹಳ್ಳಿಯವರು ಹಿಂಡುಗಟ್ಟಿ ಸುತ್ತುವರಿದು ತಮ್ಮ ತಮ್ಮ ದೂರುಗಳನ್ನು ಹೇಳಿಕೊಳ್ಳುತ್ತಿದ್ದುದನ್ನು ತನ್ನ ಕಾಗದಗಳಲ್ಲಿ ಬರೆದಿದ್ದಾನೆ. ಅವನ ಕೈಕೆಳಗೆ ನಾಲ್ವರು ಉಪಕಲೆಕ್ಟರರು. ಅವರಲ್ಲೊಬ್ಬನು ವಿಲಿಯಂ ಥ್ಯಾಕರೆ. ಮುಂದೆ 1824ರಲ್ಲಿ ಕಿತ್ತೂರಿನ ಕೋಟೆಯ ಬಾಗಿಲಲ್ಲಿ ರಾಣಿ ಚೆನ್ನಮ್ಮನ ಪಡೆಗೆ ಎದುರಾಗಿ ಮಡಿದ ಧಾರವಾಡದ ಕಲೆಕ್ಟರ್ ಥ್ಯಾಕರೆಯು ಇವನ ಒಡಹುಟ್ಟಿದ ತಮ್ಮ. ಒಂದೇ ಮನೆಯ ಇಬ್ಬರು ಮಕ್ಕಳು ಕನ್ನಡ ನೆಲದ ಎರಡು ತುದಿಗಳಲ್ಲಿ ಹೀಗೆ ಕಾಣಿಸಿಕೊಂಡದ್ದನ್ನು ನಮ್ಮ ಶಾಲೆಯ ಮಕ್ಕಳಿಗೆ ಯಾರೂ ಹೇಳುವುದಿಲ್ಲ.

ಪಾಳೆಯಗಾರರ ವಿಷಯದಲ್ಲಿ ಮನ್ರೋ ಕಠಿಣನಾಗಿದ್ದನು. ಜನರಲ್ ಕ್ಯಾಂಪ್‌ಬೆಲ್ಲನ ದಂಡು ಬೆನ್ನಿಗಿತ್ತು. ಪೇಷ್ಕಶಿನ, ಎಂದರೆ ಅವರು ಸಲ್ಲಿಸಬೇಕಾದ ಕಪ್ಪದ, ಮೊತ್ತವನ್ನು ಏರಿಸಿ, ಕೊಡಲಾರದವರನ್ನು ನೆಲ ಬಿಡಿಸಿ, ಕೋಟೆಗಳನ್ನು ಬರಿದುಮಾಡಿಸಿ, ಕೆಲವರಿಗೆ ವರ್ಷಾಶನವನ್ನು ಗೊತ್ತುಮಾಡಿ, ಕೆಲವರನ್ನು ಸೀಮೆಯಿಂದಲೇ ಹೊರದೂಡಿ, ಅವನು ಅವರ ಆಳ್ವಿಕೆಯನ್ನು ಮುಗಿಸಿದನು. ಲಂಡನ್ನಿನ ನಿರ್ದೇಶಕರೇ ಈ ಕ್ರಮವನ್ನು ಆಕ್ಷೇಪಿಸಿದರು. ಪಾಳೆಯಗಾರರ ಕಾಲವನ್ನು ಸುವರ್ಣಯುಗವೆಂದು ನಾನು ಹೇಳಲಾರೆ. ರೈತನಿಂದ ಒಂದೇ ವರ್ಷದಲ್ಲಿ ಎರಡು ಸಲ ಕಿತ್ತುಕೊಂಡ ನಾಯಕರೂ ಉಂಟು. ಆದರೆ ಆ ನಾಯಕನು ಕಟ್ಟಿಸಿದ ಕೆರೆಯ ಏರಿಯ ಮೇಲೆಯೇ ಅವನ ಕುದುರೆ ಓಡಾಡುತ್ತಿತ್ತು. ಏರಿ ಒಡೆದರೆ ಅವನ ಊಟಕ್ಕೂ ಕುಂದು ಬರುತ್ತಿತ್ತು. ಅವನ ಸ್ಥಾನಕ್ಕೆ ಬಂದ ಒಡೆಯನ ಊಟ ಬೇರೆಲ್ಲಿಯೋ ಇತ್ತು. ಕೆರೆಗಳ ಜೀರ್ಣೋದ್ಧಾರಕ್ಕೆಂದು ಬಿಟ್ಟ ದಸಬಂದದ ಇನಾಮುಗಳು ಹೆಸರಿಗೆ ಉಳಿದವು. ಹೂಳು ತೆಗೆಯುವ ಕೈಗಳು ಕಡಿಮೆಯಾದವು. ಈ ಸೀಮೆಯಲ್ಲಿ ಹೊಸ ಕೆರೆ ಕಟ್ಟಬಲ್ಲ ಸ್ಥಳವೇ ಹೆಚ್ಚಾಗಿ ಉಳಿದಿಲ್ಲ, ಹಿಂದಿನವರು ಎಲ್ಲವನ್ನೂ ಬಳಸಿಕೊಂಡಿದ್ದಾರೆ ಎಂಬ ಅಭಿಪ್ರಾಯವನ್ನು ಮನ್ರೋವೇ ದಾಖಲೆ ಮಾಡಿದನು. ನಮ್ಮ ಪೂರ್ವಿಕರ ಶ್ರಮಕ್ಕೆ ಸಂದ ಮನ್ನಣೆಗಳಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ಕಂಡಿಲ್ಲ.

ಇನ್ನು ಆ ಸರಪಳಿಯ ವಿಷಯ. ಮೊದಲ ವರ್ಷ ಕಂದಾಯವನ್ನು ಊರಿಗಿಷ್ಟೆಂದು ಗೊತ್ತುಮಾಡಿದರು. ಮರುವರ್ಷ ಕುಳವಾರು, ಎಂದರೆ ಆಳಿಗಿಷ್ಟೆಂದು, ಮಾಡಿದರು. 1802ರಲ್ಲಿ ಹೊಲಹೊಲವನ್ನೂ ಅಳೆಯಲು ತೊಡಗಿದರು. ಬೆರಳೆಣಿಕೆಯ ಗುಮಾಸ್ತರಿಂದ ಆರಂಭವಾದ ಕೆಲಸಕ್ಕೆ ಬರಬರುತ್ತ ನೂರರ ಲೆಕ್ಕದಲ್ಲಿ ಮೋಜಣಿದಾರರು ತಯಾರಾದರು. ಸರಪಳಿಯ ಉದ್ದ 33 ಅಡಿ. ಅದರಿಂದ ನಾಲ್ಕು ಕಡೆಯೂ ಒಂದೊಂದು ಸಲ ಅಳೆದ ಚೌಕವು ಒಂದು ಗುಂಟೆ. ಅಂತಹ 40 ಗುಂಟೆ ಒಂದು ಎಕರೆ. ಹೋದ ವರ್ಷ ಸುಗ್ಗಿ ಮುಗಿದ ಮೇಲೆ, ಕೊಟ್ಟೂರಿನಿಂದ ಉಜ್ಜಿನಿಗೆ ಹೋಗುವ ದಾರಿಯ ಒಂದು ಮಸಾರಿ ಹೊಲದಲ್ಲಿ, ನಾನು ಕೆಲವು ವಿದ್ಯಾರ್ಥಿಗಳೊಡನೆ ಅಷ್ಟೇ ಉದ್ದದ ಹಗ್ಗವನ್ನು ಹಿಡಿದು ಅಳೆದು ನೋಡಿದೆನು. ನನ್ನ ಮಾರಿನಿಂದ ಐದೂವರೆ ಮಾರು. ಮುಂದಿನವನು ಹಗ್ಗವನ್ನು ಬಿಗಿದು ಕಡ್ಡಿಯೊಂದನ್ನು ನೆಡಬೇಕು. ಹಿಂದಿನವನು ಆ ಕಡ್ಡಿಯವರೆಗೆ ನಡೆದು, ಅದನ್ನು ಕಿತ್ತು, ಕಂಕುಳಲ್ಲಿ ಇಟ್ಟುಕೊಳ್ಳಬೇಕು. ಕಂಕುಳಲ್ಲಿ ಸೇರಿದ ಕಡ್ಡಿಗಳೇ ಲೆಕ್ಕ. ಹಗ್ಗ ಸ್ವಲ್ಪ ಜೋತರೆ ಗುಂಟೆ ಕಿರಿದಾಗುತ್ತದೆ, ಎಳೆದು ಬಿಗಿದರೆ ಹಿರಿದಾಗುತ್ತದೆ. ನಾಲ್ಕು ಎಕರೆಯ ಹೊಲವನ್ನು ಮುಗಿಸುವಷ್ಟರಲ್ಲಿ ನಮ್ಮ ಅಂಗಾಲುಗಳಲ್ಲಿ ಜೋಳದ ಕೂಳೆ ಚುಚ್ಚಿದ ಗಾಯಗಳಾಗಿದ್ದವು. ಹೊಲದ ಒಡೆಯರಾದ ಹಿರಿಯರು ಬದುವಿನ ಮೇಲೆ ಕುಳಿತು ನೋಡುತ್ತಿದ್ದವರು, ನಾವು ಪ್ರತಿಸಲ ಹಗ್ಗವನ್ನು ಬಿಗಿದಾಗಲೂ ಎದ್ದು ಬಂದು ಕಡ್ಡಿ ಎಲ್ಲಿ ಬಿತ್ತೆಂದು ಬಗ್ಗಿ ನೋಡುತ್ತಿದ್ದರು. ಇದು ಆಟವೆಂದು ಅವರಿಗೆ ತಿಳಿದಿತ್ತು. ಆದರೂ ಅವರಿಗೆ ಕುಳಿತಿರಲಾಗಲಿಲ್ಲ. ಇನ್ನೂರು ವರ್ಷದ ಹಿಂದಿನ ಆ ರೈತನ ಮುಖವನ್ನು ನಾನು ಆ ಹಿರಿಯರ ಮುಖದಲ್ಲಿ ಕಂಡೆನು.

ಅಳತೆಯ ಹಿಂದೆಯೇ ತರಂ ಕಟ್ಟುವವರು ಬಂದರು. ಎರೆ, ಮಸಾರಿ, ಮರಡಿ ಎಂದು ಮಣ್ಣಿನ ಜಾತಿಯನ್ನು ನೋಡಿ, ಖುಷ್ಕಿ, ತರಿ, ಬಾಗಾಯ್ತುಗಳೆಂದು ನೀರಿನ ಆಧಾರವನ್ನು ನೋಡಿ, ಊರ ಗೌಡನನ್ನೂ ಶಾನುಭೋಗನನ್ನೂ ಪ್ರಮುಖ ರೈತರನ್ನೂ ಜೊತೆಯಲ್ಲಿಟ್ಟುಕೊಂಡು, ಹೊಲಕ್ಕಿಷ್ಟು ಕಂದಾಯವೆಂದು ಬರೆದರು. ಆವರೆಗೆ ಊರಿನ ಲೆಕ್ಕವು ಶಾನುಭೋಗನ ಕಡತದಲ್ಲಿತ್ತು. ಕಡತವನ್ನು ಕಾಣದ ಕಿರಿಯರಿಗಾಗಿ ಹೇಳುತ್ತೇನೆ: ಉದ್ದನೆಯ ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಹಲಗೆಯಂತೆ ಗಟ್ಟಿಯಾದ ಮೇಲೆ ಮಡಿಕೆಮಡಿಕೆಯಾಗಿ ಮಡಿಸಿ, ಬೆಳ್ಳನೆಯ ಬಳಪದಿಂದ ಬರೆಯುತ್ತಿದ್ದರು, ಬೇಡವಾದರೆ ಒರಸಿ ಮತ್ತೆ ಬರೆಯಬಹುದಾಗಿತ್ತು. ಆ ಒರಸುವಿಕೆಯಲ್ಲಿ ಮೋಸವೂ ಇತ್ತು, ದಯೆಯೂ ಇತ್ತು. ಮಳೆ ಬಾರದ ವರ್ಷ ಶಾನುಭೋಗನು ಒಂದು ಅಂಕೆಯನ್ನು ಒರಸಿ ಬಡವನೊಬ್ಬನನ್ನು ಉಳಿಸಿದ್ದುಂಟು. ಲಂಚ ತಿಂದು ಉಳ್ಳವನನ್ನು ಕಾಪಾಡಿದ್ದೂ ಉಂಟು. ಹುಜೂರು ಕಚೇರಿಯ ಲೆಕ್ಕ ಕಾಗದದ ಮೇಲೆ ಮಸಿಯಿಂದ ಬರೆದದ್ದು, ಅದೂ ಬಹುಪಾಲು ಮರಾಠಿಯಲ್ಲಿ; ತನ್ನ ಹೊಲದ ಹೆಸರನ್ನು ಕನ್ನಡದಲ್ಲಿ ಹೇಳಿದ ರೈತನಿಗೆ ಅದು ಅಲ್ಲಿ ಯಾವ ರೂಪದಲ್ಲಿ ಸೇರಿತೆಂಬುದನ್ನು ಓದಿ ತಿಳಿಯುವ ಉಪಾಯವಿರಲಿಲ್ಲ. ಮಸಿ ಒರಸಿದರೆ ಹೋಗದು.

ಈ ಏರ್ಪಾಡನ್ನು ರೈತವಾರಿಯೆಂದು ಕರೆದರು. ಇದರ ಮೂಲತತ್ತ್ವದಲ್ಲಿ ಒಂದು ಘನತೆಯುಂಟೆಂಬುದನ್ನು ನಾನು ಒಪ್ಪುತ್ತೇನೆ. ಬಂಗಾಳದಲ್ಲಿ ಜಮೀನ್ದಾರನೊಬ್ಬನನ್ನು ನಡುವೆ ನಿಲ್ಲಿಸಿ ರೈತನನ್ನು ಅವನ ಕಾಲಡಿಗೆ ಒಪ್ಪಿಸಿದಂತೆ ಇಲ್ಲಿ ಮಾಡಲಿಲ್ಲ; ಎರಡು ಎಕರೆಯ ಒಕ್ಕಲಿಗನೂ ಸರ್ಕಾರದೆದುರು ತನ್ನ ಹೆಸರಿನಿಂದಲೇ ನಿಂತನು, ತನ್ನ ಹೆಸರಿನ ಪಟ್ಟಾ ಪಡೆದನು. ನಮ್ಮ ಸೀಮೆಯಲ್ಲಿ ಒಬ್ಬೊಬ್ಬ ಸಾಮಾನ್ಯನ ಹೆಸರೂ ರಾಜ್ಯದ ಪುಸ್ತಕವೊಂದರಲ್ಲಿ ಬರೆಯಲ್ಪಟ್ಟದ್ದು ಹೀಗೆ. ಮತದಾರರ ಪಟ್ಟಿಗೆ ಅದು ದೂರದ ಪೂರ್ವಜ. ಆದರೆ ಹೆಸರನ್ನು ಬರೆದುಕೊಂಡ ಕೈ ಏನನ್ನು ಕೇಳಿತು ಎಂಬುದನ್ನೂ ಹೇಳಬೇಕು. ಒಟ್ಟು ಹುಟ್ಟುವಳಿಯಲ್ಲಿ ಅರ್ಧಕ್ಕೆ ಸ್ವಲ್ಪವೇ ಕಡಿಮೆಯಾದ ಭಾಗವನ್ನು ಅದು ಕೇಳಿತು. ಒಬ್ಬನು ಕೊಡಲಾರದೆ ಹೋದರೆ ಹತ್ತಕ್ಕೊಂದರ ಮಿತಿಯಲ್ಲಿ ಆ ಬಾಕಿಯನ್ನು ಊರ ಉಳಿದವರ ಮೇಲೆ ಹೊರಿಸಿತು. ಏಳು ವರ್ಷಗಳಲ್ಲಿ ದತ್ತ ಮಂಡಲದ ಕಂದಾಯ ಸುಮಾರು ಒಂದೂವರೆಪಟ್ಟಾಯಿತು. ನಡುವೆ ಮಳೆ ಕೈಕೊಟ್ಟ ವರ್ಷಗಳು ಇದ್ದೂ ಹಾಗಾಯಿತು. ಇದು ಭಾರವೆಂಬುದು ಮನ್ರೋವಿಗೇ ತಿಳಿದಿತ್ತು. ಊರಿಗೆ ಹೊರಡುವ ಮುನ್ನ, 1807ರ ಆಗಸ್ಟ್ 15ರಂದು ಬರೆದ ವರದಿಯಲ್ಲಿ, ಎಲ್ಲ ಭೂಮಿಗಳ ಮೇಲೂ ನೂರಕ್ಕೆ 25ರಷ್ಟನ್ನು, ಕೆರೆಬಾವಿಗಳ ಆಸರೆಯ ಭೂಮಿಗಳಿಗೆ ಇನ್ನೂ ಸ್ವಲ್ಪ ಹೆಚ್ಚನ್ನು ಇಳಿಸಬೇಕೆಂದೂ, ಸರ್ಕಾರದ ಪಾಲು ಹುಟ್ಟುವಳಿಯ ಮೂರನೆಯ ಒಂದು ಭಾಗವನ್ನು ಮೀರಬಾರದೆಂದೂ ಅವನು ಸಲಹೆ ಮಾಡಿದನು. ಮೇಲಿನವರು ಕೇಳಲಿಲ್ಲ. ಆ ತಾರೀಖನ್ನು ಓದಿದಾಗಲೆಲ್ಲ ನನ್ನ ಮನಸ್ಸು ಮುಂದಿನ ಮತ್ತೊಂದು ಆಗಸ್ಟ್ 15ರ ಕಡೆಗೆ ಹೋಗುತ್ತದೆ. ನಡುವೆ ನೂರನಲವತ್ತು ವರ್ಷಗಳು.

ಅವನು ಹೋದ ಮೇಲೆ ನಡೆದದ್ದು ಇನ್ನೂ ಕೆಟ್ಟದ್ದು. ಜಿಲ್ಲೆ 1808ರಲ್ಲಿ ಬಳ್ಳಾರಿ, ಕಡಪೆಗಳೆಂದು ಎರಡಾಯಿತು. ರೈತವಾರಿಯನ್ನು ಕೈಬಿಟ್ಟು ಊರೂರನ್ನೇ ಗುತ್ತಿಗೆಗೆ ಕೊಟ್ಟರು, ಮೊದಲು ಮೂರು ವರ್ಷಕ್ಕೆ, ಆಮೇಲೆ ಹತ್ತು ವರ್ಷಕ್ಕೆ. ಗುತ್ತಿಗೆ ಹಿಡಿದ ಗೌಡರು ಬಾಕಿ ತೀರಿಸಲಾರದೆ ಸೆರೆಮನೆಗಳಲ್ಲಿ ಕೊಳೆತರು. ರೈತರು ಊರು ಬಿಟ್ಟು ತುಂಗಭದ್ರೆಯಾಚೆಗೆ ದಾಟಿಹೋದರು. ಮದರಾಸಿನ ಗವರ್ನರನಾಗಿ 1820ರಲ್ಲಿ ಹಿಂದಿರುಗಿದ ಮನ್ರೋ ತನ್ನ ಹಳೆಯ ಸಲಹೆಯನ್ನು ತಾನೇ ಜಾರಿಗೆ ತಂದನು. 1827ರ ಜುಲೈ 6ರಂದು, ತಾನು ಆಳಿದ ಸೀಮೆಯನ್ನು ಕೊನೆಯ ಬಾರಿ ನೋಡಿಕೊಂಡು ಹೋಗಲೆಂದು ಬಂದವನು, ಪತ್ತಿಕೊಂಡದಲ್ಲಿ ವಾಂತಿಭೇದಿಯಿಂದ ಸತ್ತನು. ಅವನ ಹೆಸರಿನಲ್ಲಿ ಗುತ್ತಿಯಲ್ಲಿ ಛತ್ರವೊಂದು ಆಯಿತು. ಜನ ತಮ್ಮ ಮಕ್ಕಳಿಗೆ ಅವನ ಹೆಸರಿಟ್ಟರೆಂಬ ಮಾತು ಪ್ರಸಿದ್ಧವಾಗಿದೆ. ನಾನು ಆ ಕೃತಜ್ಞತೆಯನ್ನು ಹಳಿಯಲಾರೆ. ಬೆನ್ನ ಮೇಲಿನ ಹೊರೆಯಲ್ಲಿ ನಾಲ್ಕನೆಯ ಒಂದು ಭಾಗವನ್ನು ಇಳಿಸಿದವನನ್ನು, ಹೊರಿಸಿದವನೂ ಅವನೇ ಎಂಬುದನ್ನು ಮರೆತು, ಜನ ದೇವರೆಂದರು, ಅಷ್ಟು ಬಳಲಿದ್ದರು.

ರೈತನು ಸರ್ಕಾರದೆದುರು ನೇರವಾಗಿ ನಿಂತನೆಂದೆನಲ್ಲ, ಆ ನಿಲುವು ಎಂತಹದೆಂಬುದಕ್ಕೆ 1855ರಲ್ಲಿ ಹೊರಬಂದ ಮದರಾಸು ಪ್ರಾಂತದ ಚಿತ್ರಹಿಂಸಾ ವಿಚಾರಣೆಯ ವರದಿಯನ್ನು ನೋಡಬೇಕು. ಕಿಸ್ತು ತಪ್ಪಿದ ರೈತನ ಬೆರಳುಗಳನ್ನು ಎರಡು ಮರದ ಪಟ್ಟಿಗಳ ನಡುವೆ ಇಟ್ಟು ಹಿಸುಕುವುದಕ್ಕೆ ಕಿಟ್ಟಿ ಹಾಕುವುದೆಂದು ಹೆಸರು. ತಲೆಯನ್ನು ಕಾಲ್ಬೆರಳಿಗೆ ಬಿಗಿದು, ಬಿಸಿಲಿನಲ್ಲಿ ಬಾಗಿಸಿ ನಿಲ್ಲಿಸುವುದು ಇನ್ನೊಂದು. ಹಾಗೆ ಮಾಡಿದವರು ದೊರೆಗಳಲ್ಲ, ನಮ್ಮದೇ ಊರುಗಳ ಕಂದಾಯದ ನೌಕರರು; ಅವರನ್ನು ಬೆನ್ನಟ್ಟಿದ್ದು ದೊರೆಗಳ ಜಮಾಬಂದಿಯ, ಎಂದರೆ ವರ್ಷದ ಕಂದಾಯವನ್ನು ಇತ್ಯರ್ಥಮಾಡುವ, ತಾರೀಖು. ಮುಂದೆ ಧಾತು, ಈಶ್ವರ ಸಂವತ್ಸರಗಳ ಮಹಾಕ್ಷಾಮ, 1876ರಿಂದ 1878ರವರೆಗೆ, ಬಳ್ಳಾರಿ ಜಿಲ್ಲೆಯನ್ನು ಬಡಿದಷ್ಟು ಕ್ರೂರವಾಗಿ ಕೆಲವೇ ಜಿಲ್ಲೆಗಳನ್ನು ಬಡಿಯಿತು. ಪರಿಹಾರದ ಕೆಲಸಕ್ಕೆ ಬಂದ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯವೂ ಒಂದಾಣೆಯೂ ಸಾಕೆಂದು ಸರ್ಕಾರದ ಕ್ಷಾಮ ಪ್ರತಿನಿಧಿ ಸರ್ ರಿಚರ್ಡ್ ಟೆಂಪಲ್ 1877ರಲ್ಲಿ ನಿಷ್ಕರ್ಷಿಸಿದನು. ರೈಲು ಬಳ್ಳಾರಿಯವರೆಗೆ ಬಂದಿತ್ತು; ಹಡಗಲಿ, ಹರಪನಹಳ್ಳಿಗಳಿಗೆ ಧಾನ್ಯವನ್ನು ಎಳೆಯಬೇಕಾದ ಎತ್ತುಗಳೇ ಮೇವಿಲ್ಲದೆ ಸತ್ತಿದ್ದವು. ಹೊಸಪೇಟೆಯಿಂದ ಕೊಟ್ಟೂರಿಗೆ ಹಳಿ ಬಿದ್ದದ್ದು 1905ರಲ್ಲಿ. ಹೆಚ್ಚು ಹೇಳಲು ನನಗೆ ಶಕ್ತಿಯಿಲ್ಲ. ಈ ಸಭೆಯಲ್ಲಿರುವ ಹಳೆಯ ಮನೆತನಗಳವರು, ತಮ್ಮ ವಂಶಾವಳಿಯನ್ನು ಬಿಡಿಸಿ, ಆ ಎರಡು ಸಂವತ್ಸರಗಳಲ್ಲಿ ಎಷ್ಟು ಕವಲುಗಳು ನಿಂತುಹೋಗಿವೆಯೆಂದು ಎಣಿಸಿ ನೋಡಬಹುದು.

ಇನ್ನು ಮಾತಿಗೆ ಸಿಕ್ಕಿದ ಕಥೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಕೂಡಿದ ಲಕ್ಷೋಪಲಕ್ಷ ಜನ, ಗೊರವಪ್ಪನು ಕಾರಣಿಕದ ಭವಿಷ್ಯವಾಣಿಯನ್ನು ನುಡಿಯಲು ಬಿಲ್ಲನ್ನೇರಿದ ಕ್ಷಣದಲ್ಲಿ ಉಸಿರು ಬಿಗಿಹಿಡಿದು ನಿಲ್ಲುವುದನ್ನು ತಾವೆಲ್ಲರೂ ಕಂಡಿದ್ದೀರಿ. ಬಿಲ್ಲಿನ ಮೇಲಿಂದ ಬೀಳುವ ಆ ಒಂದೇ ಮಾತಿನಲ್ಲಿ ರೈತನು ಮಳೆಬೆಳೆಯನ್ನು ಹುಡುಕು‍ತ್ತಾನೆ, ಆಳುವವನು ತನ್ನ ಗದ್ದುಗೆಯ ಗತಿಯನ್ನು ಹುಡುಕುತ್ತಾನೆ. ಆಳುವವರು ಕಿವಿಗೊಡುವಂತಹ ಮಾತು ನಮ್ಮ ಸೀಮೆಯಲ್ಲಿ ಬಹುಕಾಲ ಅದೊಂದೇ ಆಗಿತ್ತೆಂದು ನನಗೆ ತೋರುತ್ತದೆ. ಸ್ವಾತಂತ್ರ್ಯದ ಚಳವಳಿ ಬೇರೊಂದು ಕಂಠವನ್ನು ಕೊಟ್ಟಿತು. ಕೂಡ್ಲಿಗಿಯಲ್ಲಿ ಮಹಾತ್ಮರ ಚಿತಾಭಸ್ಮವನ್ನು ತಂದಿರಿಸಿ ಕಟ್ಟಿದ ಸ್ಮಾರಕದ ಮುಂದೆ ನಿಂತಾಗ, ರಾಜಧಾನಿಗಳಿಂದ ಇಷ್ಟು ದೂರದ ಊರಿಗೆ ಅದನ್ನು ಹೊತ್ತು ತಂದವರ ಹೆಜ್ಜೆಗಳನ್ನು ನಾನು ನೆನೆಯುತ್ತೇನೆ.

ಆದರೂ 1947ರಲ್ಲಿ ನಾವು ಮದರಾಸಿನವರಾಗಿಯೇ ಉಳಿದೆವು. ನಿಜಾಮನು ಕೊಟ್ಟ ಗಡಿ ಹಾಗೆಯೇ ಇತ್ತು. ಪ್ರತ್ಯೇಕ ಆಂಧ್ರಕ್ಕಾಗಿ ಉಪವಾಸವಿದ್ದ ಪೊಟ್ಟಿ ಶ್ರೀರಾಮುಲು ಅವರ ಆತ್ಮಾರ್ಪಣದ ಬಳಿಕ ಆಂಧ್ರ ರಾಜ್ಯದ ರಚನೆ ನಿಶ್ಚಯವಾದಾಗ, ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳು ಎತ್ತ ಹೋಗಬೇಕೆಂಬ ಪ್ರಶ್ನೆ ಎದ್ದಿತು. ಇದನ್ನು ಪರಿಶೀಲಿಸಲು ನೇಮಕರಾದ ನ್ಯಾಯಮೂರ್ತಿ ವಾಂಛೂ ಅವರು ಆದವಾನಿ, ಆಲೂರು, ರಾಯದುರ್ಗಗಳನ್ನು ಆಂಧ್ರಕ್ಕೂ, ಹೊಸಪೇಟೆ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಸಂಡೂರು, ಸಿರುಗುಪ್ಪಗಳನ್ನು ಮೈಸೂರಿಗೂ ಸೇರಿಸುವಂತೆ ಹೇಳಿದರು. ಬಳ್ಳಾರಿ ತಾಲ್ಲೂಕಿನ ವಿವಾದವನ್ನು ವಿಚಾರಿಸಲು ನ್ಯಾಯಮೂರ್ತಿ ಮಿಶ್ರ ಅವರು ಬಂದರು. ಕೊಡುವುದಕ್ಕೆ ಮೊದಲು, ಕೊಡಲ್ಪಡುವವರನ್ನು ಎದುರಿಗೆ ಕರೆದು, ನೀವು ಯಾರು, ನಿಮ್ಮ ಮಾತು ಯಾವುದು, ನಿಮ್ಮ ಸಂತೆ ಎಲ್ಲಿ, ನಿಮ್ಮ ನಂಟಸ್ತಿಕೆ ಎಲ್ಲಿ ಎಂದು ವಿಚಾರಿಸುವ ಕಾಲ ಕೊನೆಗೂ ಬಂದಿತ್ತು. 1800ರಲ್ಲಿ ಕೇಳದ ಪ್ರಶ್ನೆಯನ್ನು 1953ರಲ್ಲಿ ಕೇಳಿದರು. ಬಳ್ಳಾರಿಯೂ ಕನ್ನಡಕ್ಕೇ ಸಂದಿತು. ಮೈಸೂರಿಗೆ ಸೇರುವ ಉತ್ಸವದ ಹಿಂದಿನ ರಾತ್ರಿ, ಸೆಪ್ಟೆಂಬರ್ 30ರಂದು, ಬಳ್ಳಾರಿಯಲ್ಲಿ ನಡೆದ ದಾಳಿಗೆ ರಂಜಾನ್ ಸಾಬರು ಬಲಿಯಾದರು. ಅವರ ರಕ್ತ ಒಣಗುವ ಮುನ್ನವೇ, ಅಕ್ಟೋಬರ್ 1ರಂದು, ಏಳು ತಾಲ್ಲೂಕುಗಳು ಮೈಸೂರಿಗೆ ಸೇರಿದವು. 1956ರ ನವೆಂಬರ್ 1ರಂದು ಉಳಿದ ಕನ್ನಡ ನಾಡು ಬಂದು ಕೂಡಿಕೊಂಡಿತು. ಹೊರಗಿದ್ದ ಕನ್ನಡ ಸೀಮೆಗಳಲ್ಲಿ ಮೊದಲು ಮನೆಗೆ ಬಂದವರು ನಾವು. ಈ ಮಾತನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಅಧಿಕಾರ ನಮಗಿದೆ.

ಅಂದು ತಾಲ್ಲೂಕಾಗಿರದಿದ್ದ ಹಗರಿಬೊಮ್ಮನಹಳ್ಳಿ ಆಮೇಲೆ ತಾಲ್ಲೂಕಾಯಿತು. ಕೂಡ್ಲಿಗಿಯೊಳಗಿದ್ದ ಕೊಟ್ಟೂರೂ ಈಚೆಗೆ ಆಯಿತು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಲು ಅಪ್ಪಣೆ ಪಡೆದು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಅದರ ಅಲೆದಾಟ ಇನ್ನೂ ಮುಗಿದಿಲ್ಲವೇನೋ ಎಂದು ಕೆಲವರು ಮರುಗುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಈ ಸಲ ಆ ಊರಿನವರು ಸಭೆ ಸೇರಿದರು, ಮನವಿ ಬರೆದರು, ರಸ್ತೆಯಲ್ಲಿ ಕುಳಿತರು, ನಮ್ಮನ್ನು ಇಲ್ಲಿಗೆ ಸೇರಿಸಿರೆಂದು ತಾವೇ ಬಾಯ್ಬಿಟ್ಟು ಕೇಳಿದರು.

ದತ್ತಿಯ ಮಾತಿನಿಂದ ತೊಡಗಿದೆನಾದುದರಿಂದ ಇನ್ನೊಂದು ದತ್ತಿಯನ್ನು ತಮ್ಮ ಮುಂದಿಟ್ಟು ಕುಳಿತುಕೊಳ್ಳುತ್ತೇನೆ. ಜರಿಮಲೆಯ ಪಾಳೆಯಗಾರರ ರಾಜ್ಯ ಹೋಯಿತು, ಕೋಟೆ ಬರಿದಾಯಿತು, ಅವರಿಗೆ ಕಂದಾಯ ಕೊಡುತ್ತಿದ್ದ ಹೊಲಗಳೆಲ್ಲ 33 ಅಡಿಯ ಸರಪಳಿಗೆ ಸಿಕ್ಕಿ, ಮುಂದೆ ಮದರಾಸಿನವರ ಸೆಂಟ್ಸಿನ ಲೆಕ್ಕಕ್ಕೆ ಬಂದು, ಬೇರೆಬೇರೆ ಹೆಸರುಗಳ ಪಟ್ಟಾಗಳಾದವು. ಆದರೆ ವೈಶಾಖ ಮಾಸದಲ್ಲಿ ಉಜ್ಜಿನಿಯ ಮರುಳಸಿದ್ಧೇಶ್ವರನ ತೇರು ಎಳೆದ ಮೇಲೆ, ಗುಡಿಯ ಶಿಖರಕ್ಕೆ ತೈಲಾಭಿಷೇಕವಾಗುವ ದಿನ, ಆ ಮನೆತನದ ಎಣ್ಣೆಯ ಗಡಿಗೆ ಜರಿಮಲೆಯಿಂದ ಬರುತ್ತದೆ. ಯಾವ ಒಪ್ಪಂದದಲ್ಲಿಯೂ ಅದರ ಉಲ್ಲೇಖವಿಲ್ಲ, ಯಾವ ಜಮಾಬಂದಿಯಲ್ಲಿಯೂ ಅದಕ್ಕೆ ಕಲಮಿಲ್ಲ. ಹಿಂದಿನಿಂದ ಭಕ್ತರು ತಂದ ಕೊಡಗಳು ಮೇಲೇರುತ್ತವೆ. ಕಳಸದ ಬುಡದಿಂದ ಎಣ್ಣೆ ಇಳಿಯುತ್ತ, ಮಜಲಿನಿಂದ ಮಜಲಿಗೆ ಹರಡುತ್ತ, ಬೇಸಗೆಯ ಬಿಸಿಲಿಗೆ ಕಾದ ಕಲ್ಲನ್ನು ಕಪ್ಪಗೆ ಮಿಂಚಿಸುತ್ತ, ಸಂಜೆಯ ಹೊತ್ತಿಗೆ ಅಧಿಷ್ಠಾನವನ್ನು ಮುಟ್ಟುತ್ತದೆ.